ನಾಲ್ಕು ಕೋಣೆಗಳು ಸರಿಯಿದ್ದರೂ ಫೀಟಲ್ ಎಕೋ ಬೇಕೆ?

ಪ್ರಶ್ನೆ (ಶಿರಸಿಯಿಂದ)

ನನ್ನ ಪತ್ನಿಗೆ ಈಗ 20 ವಾರ ತುಂಬಿದೆ. ಐದನೇ ತಿಂಗಳ ಸ್ಕ್ಯಾನಿಂಗ್ ವರದಿಯಲ್ಲಿ ಮಗುವಿನ ಹೃದಯದ ನಾಲ್ಕು ಕೋಣೆಗಳು ಸರಿಯಾಗಿವೆ ಎಂದು ಬರೆದು, ಅದರ ಕೆಳಗೆ, ಮಗು ಮಲಗಿರುವ ಭಂಗಿಯಿಂದಾಗಿ ಔಟ್‌ಫ್ಲೋ ಟ್ರ್ಯಾಕ್ಟ್ (ಹೃದಯದಿಂದ ರಕ್ತ ಹೊರಹೋಗುವ ದಾರಿ) ಸ್ಪಷ್ಟವಾಗಿ ಕಂಡಿಲ್ಲ, ಫೀಟಲ್ ಎಕೋ (ಗರ್ಭದಲ್ಲಿರುವ ಮಗುವಿನ ಹೃದಯದ ವಿವರವಾದ ಸ್ಕ್ಯಾನಿಂಗ್) ಮಾಡಿಸುವುದು ಒಳಿತು ಎಂಬ ಸಾಲನ್ನು ಸೇರಿಸಿದ್ದಾರೆ. ನನಗೂ ಹುಟ್ಟಿನಿಂದಲೇ ಹೃದಯದಲ್ಲಿ ತೂತು ಇದ್ದು, ಬಾಲ್ಯದಲ್ಲಿ ಶಸ್ತ್ರಚಿಕಿತ್ಸೆಯಾಗಿತ್ತು. ಎಲ್ಲ ಕೋಣೆಗಳೂ ಸರಿಯಿದ್ದ ಮೇಲೆ ಇನ್ನೇನು ನೋಡುವುದಿದೆ, ಮತ್ತೆ ಮತ್ತೆ ಸ್ಕ್ಯಾನಿಂಗ್ ಮಾಡಿಸಿದರೆ ಮಗುವಿಗೆ ತೊಂದರೆಯಲ್ಲವೇ ಎಂದು ಆಯಿ ಕೇಳುತ್ತಿದ್ದಾರೆ. ಬಲ್ಲವರು ತಿಳಿಸಬೇಕು.

ಉತ್ತರ (ಕಾರವಾರದ ಒಬ್ಬ ಸ್ಕ್ಯಾನಿಂಗ್ ವೈದ್ಯ)

ಆಯಿಯವರ ಎರಡನೇ ಶಂಕೆಗೆ ಮೊದಲು ಉತ್ತರಿಸುತ್ತೇನೆ: ಇದು ಎಕ್ಸ್‌ರೇ ಅಲ್ಲ, ಶಬ್ದದ ಅಲೆ, ವೈದ್ಯರು ಅಗತ್ಯವೆಂದು ಹೇಳಿದಾಗ ಮಾಡಿಸಲು ಅಂಜಬೇಕಾಗಿಲ್ಲ.

ಮೊದಲನೆಯದು ನಿಜಕ್ಕೂ ಒಳ್ಳೆಯ ಪ್ರಶ್ನೆ. ಈ ಹಂತದಲ್ಲಿ ಹೃದಯವು ಸುಲಿದ ಅಡಿಕೆಗಿಂತ ಹೆಚ್ಚು ದೊಡ್ಡದಿರುವುದಿಲ್ಲ, ನಿಮಿಷಕ್ಕೆ 110ರಿಂದ 160 ಬಾರಿ ಬಡಿಯುತ್ತಿರುತ್ತದೆ. ನಾಲ್ಕು ಕೋಣೆಗಳ ನೋಟ ಅದರ ಒಂದು ಅಡ್ಡಕೊಯ್ತ ಮಾತ್ರ. ಅಲ್ಲಿಂದ ಹೊಟ್ಟೆಯ ಮೇಲಿಡುವ ಸ್ಕ್ಯಾನಿಂಗ್ ಸಾಧನವಾದ ಪ್ರೋಬನ್ನು ಮಗುವಿನ ತಲೆಯ ಕಡೆಗೆ ತುಸು ಓರೆ ಮಾಡಿದರೆ ಮಹಾಪಧಮನಿ ಮತ್ತು ಶ್ವಾಸಕೋಶದ ಅಪಧಮನಿ ಹೊರಡುವ ಜಾಗ ಕಾಣುತ್ತದೆ. ಸಹಜವಾಗಿ ಇವೆರಡೂ ಒಂದನ್ನೊಂದು ಅಡ್ಡ ಹಾಯ್ದು ಹೋಗಬೇಕು. ರಕ್ತನಾಳಗಳು ಅದಲುಬದಲಾಗಿ ಹುಟ್ಟಿದ್ದರೆ ಅವು ಅಕ್ಕಪಕ್ಕ ಸಮಾನಾಂತರವಾಗಿ ಸಾಗುತ್ತವೆ, ಕೆಳಗಿನ ಕೋಣೆಗಳು ಮಾತ್ರ ನಿರ್ದೋಷವಾಗಿಯೇ ತೋರುತ್ತವೆ. ಕಂಡಿಲ್ಲವೆಂದು ಪ್ರಾಮಾಣಿಕವಾಗಿ ಬರೆದವರನ್ನು ನಾನು ಮೆಚ್ಚುತ್ತೇನೆ.

ತಂದೆಗೇ ಜನ್ಮಜಾತ ಹೃದಯದೋಷವಿದ್ದಾಗ ವರದಿ ಪೂರ್ಣವಾಗಿದ್ದರೂ ಫೀಟಲ್ ಎಕೋಗೆ ಕಾರಣವಿರುತ್ತದೆ. ತಾಯಿಗೆ ಗರ್ಭ ಧರಿಸುವ ಮೊದಲೇ ಸಕ್ಕರೆ ಕಾಯಿಲೆ ಇದ್ದರೂ ಹಾಗೆಯೇ. ಸಣ್ಣ ತೂತುಗಳು ಎಕೋದಲ್ಲಿಯೂ ತಪ್ಪಿಹೋಗಬಹುದು, ಮೇಲಿನ ಎರಡು ಕೋಣೆಗಳ ನಡುವಿನ ಕಿಂಡಿಯಂತೂ ಗರ್ಭದಲ್ಲಿ ಎಲ್ಲ ಮಕ್ಕಳಿಗೂ ಇರಲೇಬೇಕಾದದ್ದು. ಗಂಭೀರ ಫಲಿತಾಂಶ ಬಂದರೆ ಯೋಚಿಸಲು ಸಮಯ ಬೇಕಾಗುತ್ತದೆ. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ಪ್ರಕಾರ 24 ವಾರ ದಾಟಿದ ಬಳಿಕ ಗರ್ಭಪಾತದ ವಿಚಾರ ವೈದ್ಯಕೀಯ ಮಂಡಳಿಯ ಮುಂದೆ ಹೋಗುತ್ತದೆ. ಆದ್ದರಿಂದ ಇದೇ ವಾರ ಸಮಯ ಗೊತ್ತುಮಾಡಿಕೊಳ್ಳಿ.

ಉತ್ತರ (ಅಂಕೋಲಾದಿಂದ, ಒಬ್ಬ ತಾಯಿ)

ವೈದ್ಯರು ಹೇಳಿದ ಅದಲುಬದಲಾದ ರಕ್ತನಾಳವೇ ನನ್ನ ಮಗನಿಗಿತ್ತು. ಎಕೋ ಮಾಡಿದವರು ಪರದೆಯ ಮೇಲೆ ಜೋಡಿ ಗೆರೆಗಳನ್ನು ಬೆರಳಿಟ್ಟು ತೋರಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಗರ್ಭದಲ್ಲಿರುವಾಗ ತೆರೆದಿರುವ ಒಂದು ನಾಳ ಹುಟ್ಟಿದ ಕೆಲವೇ ದಿನಗಳಲ್ಲಿ ಮುಚ್ಚಿಕೊಳ್ಳುವುದರಿಂದ ಇಂಥ ಮಗು ನೀಲಿಗಟ್ಟುತ್ತದೆ, ಅದನ್ನು ತೆರೆದಿಡಲು ಪ್ರೋಸ್ಟಗ್ಲಾಂಡಿನ್ ಎಂಬ ಔಷಧವನ್ನು ಹನಿಹನಿಯಾಗಿ ಕೊಡಬೇಕು ಎಂದು ವಿವರಿಸಿದ್ದರು. ಮೊದಲೇ ತಿಳಿದಿದ್ದರಿಂದ ನಾವು ದಿನ ತುಂಬುವ ಮುನ್ನವೇ, ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಊರಿನಲ್ಲಿ ಬಾಡಿಗೆ ಕೋಣೆ ಹಿಡಿದು ಉಳಿದೆವು. ಎರಡನೇ ವಾರದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಅರಬೈಲ್ ಘಟ್ಟದಲ್ಲಿ ಆ ಕೂಸನ್ನು ಆಂಬುಲೆನ್ಸಿನಲ್ಲಿ ಹತ್ತಿಸಿಕೊಂಡು ಹೋಗುವ ಪ್ರಸಂಗ ಬಂದಿದ್ದರೆ ಎಂದು ಈಗಲೂ ಮೈ ನಡುಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಗುರುವಾರಕ್ಕೆ ಹುಬ್ಬಳ್ಳಿಯಲ್ಲಿ ಸಮಯ ಸಿಕ್ಕಿದೆ. ನನ್ನ ಶಸ್ತ್ರಚಿಕಿತ್ಸೆಯ ವಿಷಯವನ್ನು ಇಲ್ಲಿಯ ವೈದ್ಯರಿಗೆ ಹೇಳಿಯೇ ಇರಲಿಲ್ಲ. ಕೇಳಲೂ ಇಲ್ಲ, ನನಗೂ ಹೊಳೆಯಲಿಲ್ಲ. ಹಳೆಯ ಕಾಗದಗಳನ್ನು ಆಯಿಯೇ ಟ್ರಂಕಿನಿಂದ ಹುಡುಕಿ ಕೊಟ್ಟಿದ್ದಾರೆ.