ದೊಡ್ಡಪ್ಪ ಹಂಚಿದ ಹಾಕಿ ವಿಡಿಯೊ

ಭಾನುವಾರ ಬೆಳಿಗ್ಗೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಸನದ ದೊಡ್ಡಪ್ಪ ಒಂದು ವಿಡಿಯೊ ಹಾಕಿದರು. ಹೆಲ್ಮೆಟ್ ತೊಟ್ಟವರು ಸಾಲುಚಕ್ರದ ಸ್ಕೇಟ್ ಕಟ್ಟಿಕೊಂಡು ಒಳಾಂಗಣದ ನುಣುಪು ನೆಲದ ಮೇಲೆ ಹಾಕಿ ಆಡುತ್ತಿದ್ದಾರೆ. ಇಟಲಿಯ ರೊಕ್ಕರಾಸೊದಲ್ಲಿ 2024ರಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ ಅದು. ಅದರ ಕೆಳಗೆ ಯಾರೋ ಬರೆದ ಸಾಲುಗಳು: "11 ಜನರ ಹಾಕಿಯನ್ನು 5 ಜನಕ್ಕೆ ಇಳಿಸಿಯಾಯಿತು. ಈಗ ಕಾಲಿಗೆ ಚಕ್ರ! ಭಾರತ ಮತ್ತೆ ಪದಕ ಗೆಲ್ಲತೊಡಗಿದ ಕೂಡಲೇ ಆಟವನ್ನೇ ಬದಲಿಸುತ್ತಿದ್ದಾರೆ. ಪ್ರತಿಯೊಬ್ಬ ಭಾರತೀಯನಿಗೂ ತಲುಪಿಸಿ."

ದೊಡ್ಡಪ್ಪ: ಇದು ಹೊಸದಲ್ಲ. 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದೆವು. ಮರುವರ್ಷವೇ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹುಲ್ಲು ತೆಗೆದು ಕೃತಕ ಹಾಸು ಹಾಸಿದರು, ನಾವು ಏಳನೆಯ ಸ್ಥಾನಕ್ಕೆ ಬಿದ್ದೆವು. ಈಗ ಚಕ್ರದ ಸರದಿ. ನಮ್ಮವರಿಗೆ ಬುದ್ಧಿ ಬರುವುದು ಯಾವಾಗ?

ಮೈಸೂರಿನ ಅತ್ತೆ ತಕ್ಷಣ ಕೈಮುಗಿಯುವ ಚಿತ್ರ ಹಾಕಿದರು. ವಿಡಿಯೊ ನಾಲ್ಕು ನಿಮಿಷದ್ದು, ದೊಡ್ಡಪ್ಪ ಅದನ್ನು ಹಾಕಿ ಒಂದು ನಿಮಿಷವೂ ಆಗಿರಲಿಲ್ಲ.

ಅಣ್ಣ: ದೊಡ್ಡಪ್ಪ, ಇದರ ಮೂಲ ಯಾವುದು? ಯಾವ ಪತ್ರಿಕೆ, ಯಾವ ದಿನಾಂಕ?

ದೊಡ್ಡಪ್ಪ: ತೋಟದ ಪಹಣಿಯನ್ನು ಓದದೆ ಸಹಿ ಹಾಕಿದವನು ನನ್ನ ಬಳಿ ಮೂಲ ಕೇಳುತ್ತಾನೆ.

ಅಣ್ಣ: ಅಂದು ಓದಲು ಕೊಟ್ಟವರು ಯಾರು? ಪೆನ್ನು ಹಿಡಿದು ನಿಂತಿದ್ದವರು ಯಾರು?

ಅಲ್ಲಿಂದ ಹತ್ತಾರು ಸಂದೇಶಗಳು ತೋಟದ ಬೇಲಿಯ ಬಗ್ಗೆ. ಹಾಕಿಯ ಮಾತು ಯಾರಿಗೂ ನೆನಪಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೆ. ವಿಡಿಯೊದಲ್ಲಿರುವ ಆಟವನ್ನೇ ನನ್ನ ಮಗಳು ಬೆಂಗಳೂರಿನಲ್ಲಿ ಆಡುತ್ತಾಳೆ. ಅವಳು ಗೋಲ್‌ಕೀಪರ್. ಅವಳ ಫೋಟೊಗಳನ್ನು ಇದೇ ಗುಂಪಿಗೆ ಎಷ್ಟೋ ಸಲ ಹಾಕಿದ್ದೇನೆ, ಎಲ್ಲರೂ ಹೂಗುಚ್ಛದ ಚಿತ್ರ ಕಳಿಸಿದ್ದಾರೆ. ಆಟದ ಹೆಸರನ್ನು ಮಾತ್ರ ಒಬ್ಬರೂ ಕೇಳಿಲ್ಲ. ಉದ್ದ ಸಂದೇಶವನ್ನು ಯಾರೂ ಓದುವುದಿಲ್ಲವೆಂದು ಗೊತ್ತಿದ್ದೂ ಬರೆದೆ.

ನಾನು: ದೊಡ್ಡಪ್ಪ, ನೀವು ಹಾಕಿರುವುದು ಇನ್‌ಲೈನ್ ಹಾಕಿಯ ವಿಡಿಯೊ. ಇದು ನಮ್ಮ ಮೈದಾನದ ಹಾಕಿಯನ್ನು ಬದಲಿಸಿ ಮಾಡಿದ್ದಲ್ಲ, ಐಸ್ ಹಾಕಿಯಿಂದ ಬಂದದ್ದು. ಚೆಂಡು ಇಲ್ಲ, ಪಕ್ ಎಂಬ ಹಗುರವಾದ ಪ್ಲಾಸ್ಟಿಕ್ ಬಿಲ್ಲೆ ಇದೆ. ಒಂದು ಹೊತ್ತಿಗೆ ಒಂದು ತಂಡದಿಂದ ನಾಲ್ವರು ಮತ್ತು ಒಬ್ಬ ಗೋಲ್‌ಕೀಪರ್. ಐಸ್ ಹಾಕಿಯಲ್ಲಿ ಎದುರಾಳಿಗೆ ಮೈಯಿಂದ ಗುದ್ದಿ ತಡೆಯಬಹುದು, ಇಲ್ಲಿ ಹಾಗೆ ಮಾಡಿದರೆ ಶಿಕ್ಷೆ. ಆದ್ದರಿಂದ ವೇಗ ಮತ್ತು ಪಾಸ್‌ಗಳೇ ಎಲ್ಲ. ಇದನ್ನು ನಡೆಸುವುದು ವರ್ಲ್ಡ್ ಸ್ಕೇಟ್ ಎಂಬ ಸಂಸ್ಥೆ, ನಮ್ಮ ಹಾಕಿಯನ್ನು ನಡೆಸುವುದು ಎಫ್‌ಐಎಚ್. ಎರಡರ ಮೂಲವೂ 1924, ಒಂದರದು ಸ್ವಿಟ್ಜರ್ಲೆಂಡಿನ ಮಾಂಟ್ರೊ, ಇನ್ನೊಂದರದು ಪ್ಯಾರಿಸ್. ನೂರು ವರ್ಷಗಳಿಂದ ಬೇರೆ ಬೇರೆ ಇರುವ ಮನೆಗಳು. ನಮ್ಮ ಹಾಕಿಯ ನಿಯಮ ಬದಲಿಸುವ ಅಧಿಕಾರ ಸ್ಕೇಟಿಂಗ್‌ನವರಿಗೆ ಇಲ್ಲವೇ ಇಲ್ಲ.

ಅಣ್ಣ: ಐದು ಜನರ ಮಾತು ಎಲ್ಲಿಂದ ಬಂತೆಂದು ಈಗ ಹೊಳೆಯಿತು. ಹಾಕಿ ಫೈವ್ಸ್ ಎಂಬುದನ್ನು ಎಫ್‌ಐಎಚ್ ತಂದದ್ದು ನಿಜ. ಅದರ ಮೊದಲ ವಿಶ್ವಕಪ್ 2024ರ ಜನವರಿಯಲ್ಲಿ ಮಸ್ಕತ್‌ನಲ್ಲಿ ನಡೆಯಿತು, ನಮ್ಮ ಮಹಿಳೆಯರು ಫೈನಲ್‌ನಲ್ಲಿ ನೆದರ್ಲೆಂಡ್ಸ್‌ಗೆ ಸೋತರು. ಅಲ್ಲಿ ಯಾರ ಕಾಲಿಗೂ ಚಕ್ರವಿರಲಿಲ್ಲ. ಅದೇ ವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಾವು ಕಂಚು ಗೆದ್ದದ್ದು 11 ಜನರ ಹಾಕಿಯಲ್ಲೇ. ಎರಡು ಬೇರೆ ಸುದ್ದಿಗಳನ್ನು ಯಾರೋ ಒಂದಕ್ಕೊಂದು ಅಂಟಿಸಿದ್ದಾರೆ.

ನಮ್ಮಿಬ್ಬರಿಗೂ ಉತ್ತರ ಬರುವ ಮೊದಲು ಸೋದರಮಾವ ಎದ್ದರು. ಬ್ಯಾಂಕಿನ ಕೆಲಸದಲ್ಲಿ ಕೊಡಗಿನಲ್ಲಿ ಇದ್ದವರು ಅವರು. ಹಾಕಿ ಎಂಬ ಪದ ಕಂಡರೆ ಸಾಕು, ಕೊಡಗಿಗೆ ಹೊರಟುಬಿಡುತ್ತಾರೆ.

ಮಾವ: ಹಾಕಿ ನೋಡಬೇಕೆಂದರೆ ಕೊಡವರ ಕುಟುಂಬ ಹಾಕಿ ನೋಡಬೇಕು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಕುಟುಂಬಗಳನ್ನು ಸೇರಿಸಿ ಆರಂಭಿಸಿದರು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡಗಳು, ಗಿನ್ನೆಸ್ ದಾಖಲೆ! ಒಂದೇ ತಂಡದಲ್ಲಿ ತಾತನೂ ಮೊಮ್ಮಗಳೂ ಆಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದೊಡ್ಡಪ್ಪ ಹೇಳಿದ 1975ರ ತಂಡದಲ್ಲಿ ಇದ್ದ ಗೋವಿಂದ ಅವರೂ ಕೊಡಗಿನವರೇ. ಎಂಥ ಕಾಲ ಅದು! ಮಳೆ ಬರುವ ಮುನ್ನ ಮುಗಿಸಬೇಕೆಂದು ಏಪ್ರಿಲ್ ಬಿಸಿಲಿನಲ್ಲಿ ಪಂದ್ಯದ ಮೇಲೆ ಪಂದ್ಯ.

ಅತ್ತೆ: ಆ ಪಂದ್ಯಗಳಿಗೆ ನಿನಗೆ ರಜೆ ಸಿಗುತ್ತಿತ್ತು. ಅಪ್ಪನ ತಿಥಿಗೆ ಮಾತ್ರ ಬ್ಯಾಂಕಿನವರು ಬಿಡುತ್ತಿರಲಿಲ್ಲ.

ಮಾವ: ಅಕ್ಕ, ಅದನ್ನು ಇಲ್ಲಿ ಏಕೆ ತೆಗೆಯುತ್ತೀರಿ?

ಅತ್ತೆ: ಬೇರೆಲ್ಲಿ ತೆಗೆಯಲಿ? ಫೋನ್ ಮಾಡಿದರೆ ಎತ್ತುವುದಿಲ್ಲ.

ಅಷ್ಟರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿರುವ ಚಿಕ್ಕಮ್ಮನ ಮಗ ಬಂದ. ಅಲ್ಲಿ ಆಗ ರಾತ್ರಿ. ನನ್ನ ಸಂದೇಶವನ್ನು ಪೂರ್ತಿ ಓದಿದ್ದು ಅವನೊಬ್ಬನೇ, ಅದಕ್ಕಾಗಿ ನಾನು ಅವನಿಗೆ ಋಣಿ.

ತಮ್ಮ: ಅಕ್ಕ ಹೇಳುವುದು ಸರಿ. ರೋಲರ್‌ಬ್ಲೇಡ್ ಕಂಪನಿ ಆರಂಭವಾದದ್ದೇ ನಮ್ಮ ಈ ಊರಿನಲ್ಲಿ, 1980ರ ಸುಮಾರಿಗೆ. ಸ್ಕಾಟ್ ಮತ್ತು ಬ್ರೆನ್ನನ್ ಓಲ್ಸನ್ ಎಂಬ ಅಣ್ಣತಮ್ಮಂದಿರು ಐಸ್ ಹಾಕಿ ಆಡುವವರು. ಬೇಸಿಗೆಯಲ್ಲಿ ಮಂಜು ಕರಗಿದ ಮೇಲೂ ಅಭ್ಯಾಸ ನಿಲ್ಲಬಾರದೆಂದು ಸಾಲುಚಕ್ರದ ಸ್ಕೇಟ್ ಹಿಡಿದರು. ಐಸ್ ಹಾಕಿಯ ಅಂತರರಾಷ್ಟ್ರೀಯ ಒಕ್ಕೂಟ ತನ್ನ ಮೊದಲ ಇನ್‌ಲೈನ್ ವಿಶ್ವ ಚಾಂಪಿಯನ್‌ಶಿಪ್ ನಡೆಸಿದ್ದೂ ಇಲ್ಲಿ, 1996ರಲ್ಲಿ. 2017ರ ಬಳಿಕ ಅವರು ಅದನ್ನು ಕೈಬಿಟ್ಟರು. ಈಗ ಉಳಿದಿರುವುದು ವರ್ಲ್ಡ್ ಸ್ಕೇಟ್‌ನವರ ಚಾಂಪಿಯನ್‌ಶಿಪ್. ಭಾರತದಿಂದಲೂ ತಂಡಗಳು ಹೋಗಿವೆ.

ದೊಡ್ಡಪ್ಪ: ಅಮೆರಿಕದವರು ಹುಟ್ಟಿಸಿದ್ದು ಎಂದು ನೀನೇ ಒಪ್ಪಿಕೊಂಡೆಯಲ್ಲ. ನಾನು ಹೇಳಿದ್ದೂ ಅದನ್ನೇ.

ತಮ್ಮ ಹಾಗೆ ಹೇಳಿರಲೇ ಇಲ್ಲ. ನಮ್ಮ ದೊಡ್ಡಪ್ಪನೊಂದಿಗೆ ವಾದಿಸುವ ಕಷ್ಟವೇ ಇದು: ಎದುರಿನವರ ಪುರಾವೆಯೂ ಅವರದೇ ಜೇಬಿಗೆ ಹೋಗುತ್ತದೆ. ಆದರೂ ಅವರ ನೋವು ಸುಳ್ಳಲ್ಲ. ಹುಲ್ಲಿನ ಮೇಲೆ ಆಡಿ ಬೆಳೆದವರಿಗೆ ಕೃತಕ ಹಾಸು ಏನು ಮಾಡಿತೆಂಬುದು ನಿಜವಾದ ಕಥೆ. ಅಂಥ ಹಾಸು ನಮ್ಮ ಊರುಗಳಿಗೆ ಬರಲು ವರ್ಷಗಟ್ಟಲೆ ಹಿಡಿಯಿತು, ಅಷ್ಟರಲ್ಲಿ ಬೇರೆ ದೇಶಗಳು ಮುಂದೆ ಹೋಗಿದ್ದವು. ಆ ಕೋಪವನ್ನು ತಂದು ಮಕ್ಕಳ ಸ್ಕೇಟ್ ಮೇಲೆ ಸುರಿಯುವುದನ್ನು ನಾನು ಒಪ್ಪುವುದಿಲ್ಲ.

ನಾನು: ದೊಡ್ಡಪ್ಪ, ನಮ್ಮ ಮನೆಯ ಹುಡುಗಿಯೇ ಈ ಆಟ ಆಡುತ್ತಾಳೆ. ವಿಡಿಯೊದ ಕೊನೆಯ ನಿಮಿಷ ನೋಡಿ, ಅಲ್ಲಿ ಹುಡುಗಿಯರ ಪಂದ್ಯವಿದೆ. ಗೋಲ್‌ಕೀಪರ್ ಮಂಡಿ ಒಳಕ್ಕೆ ಮಡಚಿ ನೆಲಕ್ಕೆ ಕುಸಿದು ಎರಡೂ ಪ್ಯಾಡ್ ಅಗಲಿಸುವುದನ್ನು ನೋಡಿ. ಚಕ್ರದ ಮೇಲೆ ನಿಂತು ಅದನ್ನು ಮಾಡಿ, ಮರುಕ್ಷಣ ಎದ್ದು ಇನ್ನೊಂದು ಬದಿಗೆ ಸರಿಯಬೇಕು. ಅವಳು ದಿನವೂ ಬೆಳಿಗ್ಗೆ ಶಾಲೆಗೆ ಮುನ್ನ ಇದನ್ನೇ ಕಲಿಯುತ್ತಾಳೆ. ಈ ಗುಂಪಿನಲ್ಲಿ ಇದನ್ನು ದೇಶದ ವಿರುದ್ಧದ ಪಿತೂರಿ ಎಂದರೆ ನಾನು ಸುಮ್ಮನಿರುವುದಿಲ್ಲ.

ಅತ್ತೆ: ಹುಡುಗಿಗೆ ಅಷ್ಟು ದುಬಾರಿಯ ಬೂಟು ಬೇಕಿತ್ತೇ ಎಂದು ಗೃಹಪ್ರವೇಶದಲ್ಲಿ ನಾನೊಬ್ಬಳೇ ಕೇಳಿದ್ದಲ್ಲ. ಆಗಿನಿಂದ ನನ್ನ ಮೇಲೆಯೇ ಮುನಿಸು.

ನಾನು: ಅತ್ತೆ, ನೀವು ಕೇಳಿದ್ದು ಬೂಟಿನ ಬೆಲೆ. ಅವಳ ಎದುರಿಗೇ ಕೇಳಿದಿರಿ.

ಇದಕ್ಕೆ ಬಹಳ ಹೊತ್ತು ಉತ್ತರ ಬರಲಿಲ್ಲ. ಮಾವ ನಡುವೆ ನಾಪೋಕ್ಲುವಿನ ಹಳೆಯ ಫೋಟೊ ಒಂದನ್ನು ಹಾಕಿದರು. ಅಣ್ಣ ಅದರ ವರ್ಷ ಕೇಳಿದ.

ದೊಡ್ಡಪ್ಪ: ವಿಡಿಯೊದ ಕೊನೆ ನೋಡಿದೆ. ಆ ಹುಡುಗಿ ಚೆನ್ನಾಗಿ ತಡೆದಳು. ಇರಲಿ. ಡಿಸೆಂಬರ್ ಮೂರನೆಯ ಭಾನುವಾರ ಮನೆದೇವರ ಕಾರ್ಯ, ಎಲ್ಲರೂ ತಪ್ಪದೆ ಬರಬೇಕು.

ನಾನು: ಅಂದು ಅವಳ ತಂಡದ ಆಯ್ಕೆ ಇದೆ, ದೊಡ್ಡಪ್ಪ. ನಾವಿಬ್ಬರೂ ಬರುವುದಿಲ್ಲ.

ಅತ್ತೆ: ದೇವರಿಗಿಂತ ಆಟ ಹೆಚ್ಚಾಯಿತೇ?

ಅಣ್ಣ: ಅತ್ತೆ, ಇನ್ನೂ ಯಾರಿಗೂ ಆಹ್ವಾನ ಹೋಗಿಲ್ಲ. ಒಂದು ವಾರ ಮುಂದಕ್ಕೆ ಹಾಕಿದರೆ ಏನು ತೊಂದರೆ?

ದೊಡ್ಡಪ್ಪ: ಪುರೋಹಿತರನ್ನು ಕೇಳಿ ಹೇಳುತ್ತೇನೆ. ಆಯ್ಕೆ ಎಷ್ಟು ಗಂಟೆಗೆ?