ಹವ್ಯಾಸಿ ಡೆವಲಪರ್‌ಗಳಿಗೆ ಬೌಂಟಿ ಇಡೋದಾ, ಬೋರ್ಡ್ ಕಳ್ಸೋದಾ?

ಪ್ರಶ್ನೆ: ನಮಸ್ಕಾರ ಮೇಡಂ, ಮೈಸೂರಲ್ಲಿ ನಾನೂ ನನ್ನ ಫ್ರೆಂಡೂ ಸೇರಿ ಒಂದು ಚಿಕ್ಕ ಸಿಂತ್ (ಎಲೆಕ್ಟ್ರಾನಿಕ್ ಆಗಿ ಸ್ವರ ಹುಟ್ಟಿಸೋ ವಾದ್ಯ) ಮಾಡಿದೀವಿ, ಎಸ್‌ಟಿಎಂ32 ಚಿಪ್ಪು, ಶ್ರುತಿ ಡ್ರೋನೂ ಇದೆ, ಬೇರೆ ವಾದ್ಯ, ಕಂಪ್ಯೂಟರ್ ಜೋಡಿಸೋಕೆ ಮಿಡಿನೂ ಇದೆ. ಫರ್ಮ್‌ವೇರ್ (ಅದರೊಳಗೆ ಓಡೋ ಸಾಫ್ಟ್‌ವೇರ್) ಓಪನ್ ಸೋರ್ಸ್ ಮಾಡಿ, ಅಂದ್ರೆ ಯಾರು ಬೇಕಾದ್ರೂ ನೋಡಿ ತಿದ್ದೋ ಹಾಗೆ ಇಟ್ಟು, ಸುಮಾರು ದಿನ ಆಯ್ತು, ಮೆಚ್ಚಿದವರ ಸ್ಟಾರ್ ಬೀಳುತ್ತೆ, ಕೋಡ್ ಮಾತ್ರ ಯಾರೂ ಕಳ್ಸಲ್ಲ. ಒಂದೊಂದು ಫೀಚರ್‌ಗೆ ಇಷ್ಟು ಅಂತ ಬೌಂಟಿ ಇಟ್ರೆ ಜನ ಬರ್ತಾರಾ? ಕೈಲಿರೋ ದುಡ್ಡು ಕಮ್ಮಿ.

ಉತ್ತರ: ಬೌಂಟಿ ಈಗ್ಲೇ ಬೇಡ. ದುಡ್ಡಿಗೆ ಬಂದವರು ಆ ಫೀಚರ್ ಮುಗಿಸಿ ಹೋಗ್ತಾರೆ, ಆಮೇಲೆ ಅದರಲ್ಲಿ ಬಗ್ ಬಂದ್ರೆ ನೋಡೋರು ಯಾರು? ಮೊದಲು ಕೋಡ್ ಬರೆಯೋ ಆಸೆ ಇರೋರಿಗೆ ನಿಮ್ಮ ಸಿಂತ್‌ನ ಸರ್ಕ್ಯೂಟ್ ಬೋರ್ಡ್ ಕೊಡಿ, ಅದೂ ಎರಡೆರಡು, ಒಂದು ಸುಟ್ಟೋದ್ರೂ ಕೆಲಸ ನಿಲ್ಲಬಾರ್ದು. 48 ಕಿಲೋಹರ್ಟ್ಜ್‌ನಲ್ಲಿ (ಸೆಕೆಂಡಿಗೆ 48,000 ಸ್ಯಾಂಪಲ್, ಅಂದ್ರೆ ಧ್ವನಿಯ ಚೂರು) ಒಂದು ಸಲಕ್ಕೆ 48 ಸ್ಯಾಂಪಲ್ ಬ್ಲಾಕ್ ಅಂದ್ರೆ ಆ ಬ್ಲಾಕಿನ ಲೆಕ್ಕ ಎಲ್ಲಾ 1 ಮಿಲಿಸೆಕೆಂಡಲ್ಲಿ ಮುಗೀಬೇಕು, ನಾಬ್ ತಿರುಗ್ಸಿದಾಗ ಡಿಸ್‌ಪ್ಲೇ ಕೋಡ್ ಸ್ವಲ್ಪ ತಡ ಮಾಡಿದ್ರೂ ಟಕ್ ಅನ್ನುತ್ತೆ, ಇದನ್ನ ಕಿವಿಯಲ್ಲಿ ಕೇಳ್ದೆ ಬರೀ ಕೋಡ್ ನೋಡಿ ಹಿಡಿಯೋದು ತುಂಬಾ ಕಷ್ಟ. ಚಿಪ್ಪಿನೊಳಗೆ ಏನಾಗ್ತಿದೆ ಅಂತ ನೋಡೋಕೆ ಬೇಕಾದ ಡೀಬಗ್ ಪಿನ್ನುಗಳನ್ನ ಬೋರ್ಡ್ ಅಂಚಿಗೆ ತನ್ನಿ, ಸ್ಕೀಮ್ಯಾಟಿಕ್ (ಸರ್ಕ್ಯೂಟ್ ನಕ್ಷೆ) ಹಾಕಿ, ಯಾರಾದ್ರೂ ಪ್ಯಾಚ್ (ತಿದ್ದಿದ ಕೋಡ್) ಕಳ್ಸಿದ್ರೆ ಎರಡು ದಿನದೊಳಗೆ ಉತ್ತರ ಕೊಡಿ. ಹವ್ಯಾಸಕ್ಕೆ ರಾತ್ರಿ ಕೂತು ಬರೆದ ಕೋಡನ್ನ ತಿಂಗಳುಗಟ್ಲೆ ಯಾರೂ ತೆಗೆದೂ ನೋಡ್ಲಿಲ್ಲ ಅಂದ್ರೆ ಆ ಮನುಷ್ಯ ಮತ್ತೆ ಬರಲ್ಲ, ಇದನ್ನ ಎಷ್ಟೋ ಕಡೆ ನೋಡಿದೀನಿ, ಬೇಜಾರಾಗುತ್ತೆ.

ದುಡ್ಡು ಬೇಡವೇ ಬೇಡ ಅಂತಲ್ಲ. ಆಗ್ಲೇ ಕೆಲಸ ಮಾಡ್ತಿರೋ ಒಬ್ರಿಗೋ ಇಬ್ರಿಗೋ ತಿಂಗಳಿಗೆ ಇಷ್ಟು ಅಂತ ಕೊಡಿ, ಚಿಕ್ಕ ಮೊತ್ತವೇ ಆಗ್ಲಿ, ನಿಲ್ಲಿಸ್ಬೇಡಿ. ಮಾರೋ ಪ್ರತಿ ಪೀಸಿಂದ ಒಂದು ಪಾಲು ಅದಕ್ಕೇ ಅಂತ ಎತ್ತಿಡಿ.

ಪ್ರಶ್ನೆ: ಸ್ಕೀಮ್ಯಾಟಿಕ್ಕೂ ಕೊಟ್ಬಿಟ್ರೆ ಬೇರೆಯವ್ರು ಕಾಪಿ ಹೊಡೆಯಲ್ವಾ ಮೇಡಂ?

ಉತ್ತರ: ಹೊಡೀತಾರೆ, ಆದ್ರೂ ಕೊಡಿ. ಪ್ಯಾರಿಸ್‌ನ ಸಿಂತ್ ಕಂಪನಿ ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್‌ನ ಎಮಿಲಿ ಜಿಲೆ ಕೋಡೂ ಸರ್ಕ್ಯೂಟೂ ಎರಡೂ ಓಪನ್ ಇಟ್ಟಿದ್ರು. ಕ್ಲೋನ್ ಬೇಕಾದಷ್ಟು ಬಂದ್ವು, ಜೊತೆಗೆ ಅವರ ಕ್ಲೌಡ್ಸ್ ಅನ್ನೋ ಸಿಂತ್ ಮಾಡ್ಯೂಲ್‌ಗೆ ಪ್ಯಾರಸೈಟ್ಸ್ ಅನ್ನೋ ಹೊಸ ಫರ್ಮ್‌ವೇರನ್ನ ಹೊರಗಿನವರೇ ಬರೆದ್ರು. 2022ರಲ್ಲಿ ಕಂಪನಿ ಮುಚ್ಚಿದ್ರೂ ಆ ಕೋಡ್ ಇವತ್ತಿಗೂ ಓಡ್ತಿದೆ. ನ್ಯೂಜಿಲೆಂಡ್‌ನ ಸಿಂತ್‌ಸ್ಟ್ರಾಮ್‌ನವ್ರು ಡೆಲ್ಯೂಜ್ ಅನ್ನೋ ಸಿಂತ್ ಮಾರೋಕೆ ಶುರು ಮಾಡಿ ಎಷ್ಟೋ ವರ್ಷ ಆದ್ಮೇಲೆ, 2023ರಲ್ಲಿ, ಫರ್ಮ್‌ವೇರ್ ಓಪನ್ ಮಾಡಿದ್ರು, ಈಗ ಹಳೇ ಪೀಸ್ ಇಟ್ಕೊಂಡಿರೋರಿಗೂ ಹೊಸ ಫೀಚರ್ ಬರ್ತಿದೆ, ಬರೆಯೋರು ಅದನ್ನ ದಿನಾ ನುಡಿಸೋ ಜನಾನೇ. ನಿಮ್ಮ ಡೆವಲಪರ್‌ಗಳೂ ನಿಮ್ಮ ಗಿರಾಕಿಗಳಲ್ಲೇ ಇದಾರೆ, ಡಬ್ಬಿ ಒಳಗೆ ಒಂದು ಚೀಟಿ ಹಾಕಿ ಕೇಳಿ.

ಇನ್ನೊಬ್ಬರ ಪ್ರಶ್ನೆ: ಗ್ರಾಂಟ್ ಏನಾದ್ರೂ ಸಿಗುತ್ತಾ?

ಉತ್ತರ: ಬೆಂಗಳೂರಿನ ಜೆರೋಧಾದವ್ರು 2024ರಲ್ಲಿ ಓಪನ್ ಸೋರ್ಸ್ ಕೆಲಸಕ್ಕೆ ದುಡ್ಡು ಕೊಡೋ ಫ್ಲಾಸ್ ಫಂಡ್ ಶುರು ಮಾಡಿದ್ರು, ವರ್ಷಕ್ಕೆ 10 ಲಕ್ಷ ಡಾಲರ್, ಆದ್ರೆ ಅದು ಆಗ್ಲೇ ತುಂಬಾ ಜನ ಬಳಸ್ತಿರೋ ಪ್ರಾಜೆಕ್ಟ್‌ಗಳಿಗೆ. ನೆದರ್‌ಲೆಂಡ್ಸ್‌ನ ಎನ್‌ಎಲ್‌ನೆಟ್ ಅನ್ನೋ ಸಂಸ್ಥೆ ಚಿಕ್ಕ ಪ್ರಾಜೆಕ್ಟ್‌ಗಳನ್ನೂ ನೋಡುತ್ತೆ, ಆದ್ರೆ ಅದರ ಗಮನ ಇಂಟರ್ನೆಟ್ ಕಡೆ. ಇಂಥ ಚಿಕ್ಕ ಸಿಂತ್‌ಗೆ ಸದ್ಯಕ್ಕೆ ಇವೆರಡೂ ದೂರ. ಮೈಸೂರಿನವರೇ, ನೀವು ಮೊದಲು ಆ ಸ್ಕೀಮ್ಯಾಟಿಕ್ ಇಲ್ಲೇ ಹಾಕಿ, ಡೀಬಗ್ ಪಿನ್ ಹೊರಗೆ ತರೋದು ಹೇಗೆ ಅಂತ ಈ ವಾರವೇ ನೋಡಿ ಹೇಳ್ತೀನಿ.