ಹೊಲದ ಮನಿಗಿ ಆಪತ್ತಿನ ಫೋನ್: ಯಾವ ಸಿಮ್, ಎಷ್ಟು ರಿಚಾರ್ಜ್, ಬ್ಯಾಟರಿ ಹ್ಯಾಂಗ ಉಳಿಸೋದು?

ತೊಗರಿ_ಕಣಜ (ಅಫಜಲಪುರ)

ಅವ್ವ ಅಪ್ಪ ಇಬ್ಬರೇ ಹೊಲದ ಮನ್ಯಾಗ ಇರ್ತಾರ, ಊರಿಂದ ಎರಡೂವರೆ ಕಿಲೋಮೀಟರ್, ಭೀಮಾ ನದಿ ಕಡಿ. ಹಾವು, ಎದಿನೋವು, ರಾತ್ರಿ ಹೊಳಿ ನೀರು ಏರೋದು, ಇಂಥಾದ್ದಕ್ಕಂತ ಒಂದು ಕೀಪ್ಯಾಡ್ ಫೋನ್ ಇಡಬೇಕಂತ ವಿಚಾರ. ದಿನಾ ಮಾತಾಡೋದೇನಿಲ್ಲ.

ತಿಂಗಳಾ 199 ಹಾಕೋದು ದಂಡ ಅನಸ್ತದ. 20 ರೂಪಾಯಿ ಬ್ಯಾಲೆನ್ಸ್ ಇದ್ರ ಸಿಮ್ ಚಾಲೂ ಇರ್ತದ ಅಂತ ಅಂಗಡ್ಯಾಗ ಅಂದ್ರು, ಖರೇ ಏನ್ರಿ? ಮತ್ತ ಮನ್ಯಾಗ ಹಳೇ 2ಜಿ ನೋಕಿಯಾ ಒಂದು ಬಿದ್ದದ, ಅದೇ ನಡೀತದೋ ಹೊಸಾದು ತಗೋಬೇಕೋ? ಬಂದ್ ಮಾಡಿ ಡಬ್ಬ್ಯಾಗ ಇಟ್ರ ಬ್ಯಾಟರಿ ಉಳೀತದೇನು?

ಸಿಮ್_ಸಂತಿ (ಕಲಬುರಗಿ)

ಆ 20 ರೂಪಾಯಿ ಮಾತು ಅರ್ಧ ಖರೆ ಅದ. ನಂಬರ್ ಉಳಿಯೋದು ಬ್ಯಾರೆ, ಕರೆ ಹೋಗೋದು ಬ್ಯಾರೆ.

ಟ್ರಾಯ್ (ಫೋನ್ ಕಂಪನಿಗಳ ಮ್ಯಾಲ ನಿಗಾ ಇಡೋ ಸರಕಾರಿ ಸಂಸ್ಥೆ) 2013ರಾಗ ಮಾಡಿದ ನಿಯಮ ನಂಬರಿಗಿ ಸಂಬಂಧಪಟ್ಟದ್ದು. 90 ದಿನ ಸಿಮ್ ಒಟ್ಟ ಬಳಸಲಿಲ್ಲ, ಕರೆ ಇಲ್ಲ, ಮೆಸೇಜ್ ಇಲ್ಲ, ಡೇಟಾ ಇಲ್ಲ ಅಂದ್ರ ಕಂಪನಿ ನಂಬರ್ ಕಡೀಬಹುದು. ಆದ್ರ ಖಾತೆದಾಗ 20 ರೂಪಾಯಿ ಇದ್ರ ಕಡ್ಯಂಗಿಲ್ಲ. ಆ 20 ಹಿಡಕೊಂಡು 30 ದಿನ ಮುಂದ ಹಾಕ್ತಾರ. ಬ್ಯಾಲೆನ್ಸ್ ಮುಗದು ಬಂದ್ ಆದ ಮ್ಯಾಲೂ ತಿರುಗಿ ಚಾಲೂ ಮಾಡಸಲಾಕ 15 ದಿನದ ಗಡುವು ಅದ. ಅಷ್ಟೇ. ಪ್ಯಾಕಿನ ವ್ಯಾಲಿಡಿಟಿ ಮುಗೀತಂದ್ರ ಔಟ್‌ಗೋಯಿಂಗ್ ಅವತ್ತೇ ನಿಲ್ತದ, ಮುಂದ ಕೆಲವು ದಿನಕ್ಕ ಇನ್‌ಕಮಿಂಗೂ ನಿಲ್ತದ. ಫೋನಿನ ಮ್ಯಾಲ ಟವರಿನ ಕಡ್ಡಿ ಪೂರ್ತಿ ಕಾಣ್ತಿರ್ತಾವ; ಹಚ್ಚಿದ್ರ ‘ರಿಚಾರ್ಜ್ ಮಾಡಿಸಿ’ ಅಂತ ರೆಕಾರ್ಡ್ ದನಿ ಬರ್ತದ. ಕಡ್ಡಿ ನೋಡಿ ನಂಬಬ್ಯಾಡ್ರಿ.

ಹಂಗಂತ ತಿಂಗಳಾ 199 ಹಾಕೋದೂ ಬ್ಯಾಡ. 2024ರ ಡಿಸೆಂಬರ್‌ದಾಗ ಟ್ರಾಯ್, ಡೇಟಾ ಇಲ್ಲದ ಬರೇ ಕರೆ-ಮೆಸೇಜಿನ ಪ್ಯಾಕ್ ಕೊಡಲೇಬೇಕು ಅಂತ ಕಂಪನಿಗಳಿಗಿ ಹೇಳ್ತು. ಮುಂದ 2025ರ ಜನವರಿದಾಗ ಜಿಯೊ 448ಕ್ಕ 84 ದಿನ, 1748ಕ್ಕ 336 ದಿನ; ಏರ್‌ಟೆಲ್ 469ಕ್ಕ 84 ದಿನ, 1849ಕ್ಕ 365 ದಿನ ಅಂತ ತಂದ್ವು. ದರ ಬದಲಾಗ್ತಿರ್ತಾವ, ಹಾಕೋ ದಿನ ಮತ್ತೊಮ್ಮೆ ನೋಡ್ರಿ. 28 ದಿನಕ್ಕ 199 ಅಂದ್ರ ದಿನಕ್ಕ 7 ರೂಪಾಯಿ ಮ್ಯಾಲ ಬೀಳ್ತದ, 365ಕ್ಕ 1849 ಅಂದ್ರ 5 ರೂಪಾಯಿ ಚಿಲ್ಲರೆ. ರೊಕ್ಕ ಉಳಿಯೋದಕ್ಕಿಂತ ದೊಡ್ಡ ಲಾಭ ಅಂದ್ರ, ವರ್ಷಕ್ಕ 13 ಸಲ ನೆನಪಿಡೋದು ತಪ್ತದ. 336 ದಿನ ಅಂದ್ರ ವರ್ಷಕ್ಕ 29 ದಿನ ಕಮ್ಮಿ, ಅಲ್ಲೇ ಮಂದಿ ತಪ್ತಾರ. ಮುಗಿಯೋ ತಾರೀಖು ಗ್ವಾಡಿ ಕ್ಯಾಲೆಂಡರಿನ್ಯಾಗ ಬರದಿಡ್ರಿ.

ಪ್ಯಾಕ್ ಹಾಕಿ ಫೋನ್ ಮರತ್ರೂ ಆಗಂಗಿಲ್ಲ, 90 ದಿನದ ಲೆಕ್ಕ ಮನಸ್ಸಿನ್ಯಾಗ ಇರಲಿ. ಅಮಾಸಿಗೊಮ್ಮೆ ಅವ್ವನೇ ಆ ಫೋನಿಂದ ನಿಮಗ ಹಚ್ಚಲಿ. ಮಿಸ್ ಕಾಲ್ ಲೆಕ್ಕಕ್ಕ ಬರಂಗಿಲ್ಲ, ಎತ್ತಿ ಅರ್ಧ ನಿಮಿಷ ಮಾತಾಡ್ರಿ. ಆ ಒಂದು ಕರೆದಾಗ ಸಿಮ್, ಪ್ಯಾಕ್, ಬ್ಯಾಟರಿ, ಮೈಕು, ಅವ್ವನ ರೂಢಿ ಎಲ್ಲಾ ಪರೀಕ್ಷಾ ಆಗ್ತದ.

ರಿಪೇರಿ_ಮೇಜು (ಬೀದರ್)

ಜಿಯೊಗೆ 2ಜಿ ಇಲ್ಲವೇ ಇಲ್ಲ. ಹಳೆಯ ನೋಕಿಯಾದಲ್ಲಿ ಆ ಸಿಮ್ ಹಾಕಿದರೆ ನೆಟ್‌ವರ್ಕೇ ಹಿಡಿಯದು. ಏರ್‌ಟೆಲ್, ವಿ (ವೊಡಾಫೋನ್ ಐಡಿಯಾ) ಸಿಮ್ ಹಾಕಿದರೆ 2ಜಿ ಸೆಟ್ ನಡೆಯುತ್ತದೆ, ಬ್ಯಾಟರಿಯೂ 4ಜಿ ಸೆಟ್ಟಿಗಿಂತ ಹೆಚ್ಚು ದಿನ ಬರುತ್ತದೆ. ಹೊಸದು ಕೊಳ್ಳುವುದಾದರೆ 4ಜಿ ಕೀಪ್ಯಾಡ್, ಎರಡು ಸಿಮ್ಮಿನದು, ಹಿಂಬದಿ ಮುಚ್ಚಳ ತೆಗೆದು ಬ್ಯಾಟರಿ ಬದಲಿಸಲು ಬರುವಂಥದ್ದು ನೋಡಿ. ಜಿಯೊಭಾರತ್ ಅಗ್ಗ, ಆದರೆ ಬೇರೆ ಕಂಪನಿಯ ಸಿಮ್ ತೆಗೆದುಕೊಳ್ಳುವುದಿಲ್ಲ. ಕಂಪನಿ ಆರಿಸುವ ಮೊದಲು ಹೊಲದ ಮನೆಯೊಳಗೇ, ಹೊರಸಿನ ಹತ್ತಿರ ನಿಂತು ಕರೆ ಮಾಡಿ ನೋಡಿ. ಅಂಗಳದಲ್ಲಿ ಸಿಗುವ ಸಿಗ್ನಲ್ ತಗಡಿನ ಸೂರಿನ ಕೆಳಗೆ ಸಿಗದಿರಬಹುದು.

ಹಳೆಯ ಸೆಟ್ಟೇ ಆದರೆ ಮೊದಲು ಬ್ಯಾಟರಿ ಹೊರಗೆ ತೆಗೆದು ನೆಲದ ಬಂಡೆಯ ಮೇಲೆ ಅಂಗಾತ ಇಟ್ಟು ಬೆರಳಿಂದ ತಿರುಗಿಸಿ. ಬುಗುರಿಯಂತೆ ಗರಗರ ತಿರುಗಿದರೆ ಹೊಟ್ಟೆ ಉಬ್ಬಿದೆ ಎಂದೇ ಅರ್ಥ. ಚಾರ್ಜಿಗೆ ಹಾಕಬೇಡಿ, ಚುಚ್ಚಬೇಡಿ, ಅಂಗಡಿಗೆ ಕೊಟ್ಟು ಅದೇ ನಂಬರಿನ ಹೊಸದು ತನ್ನಿ. ಸಮತಟ್ಟಾಗಿದ್ದರೆ ವೋಲ್ಟ್ ಅಳೆಯುವ ಮೀಟರ್ ಹಚ್ಚಿ: ತುಂಬಿದಾಗ 4.2 ವೋಲ್ಟ್, ಅರ್ಧಕ್ಕೆ ಸುಮಾರು 3.8. ವರ್ಷಗಟ್ಟಲೆ ಬಿದ್ದು 3ರ ಕೆಳಗೆ ಇಳಿದಿದ್ದರೆ ಅದರ ಮೇಲೆ ಜೀವದ ಭಾರ ಹೊರಿಸಬೇಡಿ. ಬೇರೆ ಚಾರ್ಜರಿನಿಂದ ಎಬ್ಬಿಸಿ ಕೊಡುತ್ತಾರೆ, ಆದರೆ ಹಾಗೆ ಎದ್ದದ್ದು ಬಾಳುವುದಿಲ್ಲ. ‘ಇನ್ಸರ್ಟ್ ಸಿಮ್’ ಎಂದು ಬಂದರೆ ಸಿಮ್ಮಿನ ಹಳದಿ ಭಾಗವನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ ಹಾಕಿ.

ಬಂದ್ ಮಾಡಿ ಡಬ್ಬದಲ್ಲಿಡುವುದು ನನಗೆ ಸರಿ ಕಾಣುವುದಿಲ್ಲ. ಆನ್ ಆಗಿ ಟವರ್ ಹಿಡಿಯಲು ಅರ್ಧ-ಒಂದು ನಿಮಿಷ ಬೇಕು, ಕತ್ತಲಲ್ಲಿ ಆ ಗುಂಡಿ ಹುಡುಕುವುದು ವಯಸ್ಸಾದವರಿಗೆ ಕಷ್ಟ. ನೀವು ಹಚ್ಚಿದರೂ ಸಿಗಬೇಕಲ್ಲ? ಚಾಲೂ ಇಡಿ, ವಾರಕ್ಕೆ ಎರಡು ಸಲ ಚಾರ್ಜ್ ಮಾಡಿ, ತುಂಬಿದ ಮೇಲೆ ಪಿನ್ ಕೀಳಿ. ನಮ್ಮ ಮೇ ತಿಂಗಳ ಬಿಸಿಲಲ್ಲಿ ತಗಡಿನ ಕೆಳಗೆ ಸದಾ ಚಾರ್ಜಿಗೆ ನೇತುಬಿದ್ದ ಬ್ಯಾಟರಿಯೇ ಬೇಗ ಉಬ್ಬುವುದು. ಕಲ್ಲುಗೋಡೆಯ ಗೂಡು ಒಳ್ಳೆಯ ಜಾಗ.

ಸೆಕೆಂಡ್ ಹ್ಯಾಂಡ್ ಸೆಟ್ ತರುವುದಾದರೆ *#06# ಒತ್ತಿ ಐಎಂಇಐ (ಸೆಟ್ಟಿನ ಗುರುತಿನ ಸಂಖ್ಯೆ) ತೆಗೆದು, ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ, ಜಾಗ ಬಿಟ್ಟು ಆ 15 ಅಂಕಿ ಬರೆದು 14422ಕ್ಕೆ ಮೆಸೇಜ್ ಮಾಡಿ. ಕಳವಿನ ಸೆಟ್ ಬ್ಲಾಕ್ ಆಗಿದ್ದರೆ ತಿಳಿಯುತ್ತದೆ.

ತೊಗರಿ_ಕಣಜ

ಭಾಳ ಉಪಕಾರ ಆಯ್ತ್ರಿ. ಸಿಮ್ ಇಲ್ಲದ್ರೂ 112 ಹತ್ತತದ ಅಂತಾರಲ್ಲ, ಹಂಗಾದ್ರ ರಿಚಾರ್ಜ್ ಯಾಕ ಬೇಕು? ಸ್ಪೀಡ್ ಡಯಲ್ ಯಾವ ಗುಂಡಿಗಿ ಇಡ್ಲಿ?

ಗಡಿ_ದಾರಿ (ಗುರುಮಠಕಲ್)

112 ಒಂದನ್ನೇ ನೆಚ್ಚಿ ಕೂಡಬ್ಯಾಡ್ರಿ. ಸಿಮ್ ಇಲ್ಲದ ಫೋನಿಗಿ ಅವರು ತಿರುಗಿ ಹಚ್ಚಲಾಕ ಬರಂಗಿಲ್ಲ. ಆಂಬುಲೆನ್ಸಿನವರು ದಾರಿ ಕೇಳಲಾಕ ಹಚ್ಚಿದ್ರ ಫೋನ್ ಹೊಡೀಬೇಕು, ಅದಕ್ಕ ಇನ್‌ಕಮಿಂಗ್ ಜೀವಂತ ಇರಲೇಬೇಕು.

ಸ್ಪೀಡ್ ಡಯಲಿಗಿ 5 ಮತ್ತ 9 ಬಿಡ್ರಿ. 2017ರಿಂದ ಮಾರೋ ಕೀಪ್ಯಾಡ್ ಫೋನಿನ್ಯಾಗ 5 ಇಲ್ಲಾ 9 ಒತ್ತಿ ಹಿಡದ್ರ ತುರ್ತು ಕರೆ ಹೋಗಬೇಕಂತ ಸರಕಾರದ ನಿಯಮ ಅದ. 1 ವಾಯ್ಸ್‌ಮೇಲಿಗಿ ಹೋಗ್ತದ. 2ಕ್ಕ ನೀವು, 3ಕ್ಕ ಹತ್ತಿರದ ಹೊಲದವರು, 4ಕ್ಕ ಊರಾಗ ಗಾಡಿ ಇದ್ದವರು. ಆ ಗುಂಡಿಗಳ ಮ್ಯಾಲ ಉಗುರುಬಣ್ಣದ ಬೊಟ್ಟು ಇಡ್ರಿ: 2ಕ್ಕ ಒಂದು, 3ಕ್ಕ ಎರಡು. ನಂಬರ್ ಎಲ್ಲಾ +91 ಹಚ್ಚಿ ಸಿಮ್ಮಿನ್ಯಾಗ ಉಳಸ್ರಿ. ಸೆಟ್ ಕೆಟ್ರ ಸಿಮ್ ಕಿತ್ತು ಬ್ಯಾರೆದ್ರಾಗ ಹಾಕಿದ್ರ ಆಯ್ತು. ಸಿಮ್ ಪಿನ್ ಇದ್ರ ತೆಗದುಹಾಕ್ರಿ. ಮೂರು ಸಲ ತಪ್ಪಿದ್ರ ಪಿಯುಕೆ (ಸಿಮ್ಮಿನ ಬೀಗ ತೆಗ್ಯೋ ಕೋಡ್) ಕೇಳ್ತದ, ಅದನ್ನ ಹತ್ತು ಸಲ ತಪ್ಪಿದ್ರ ಸಿಮ್ಮೇ ಸಾಯ್ತದ.

ಅಫಜಲಪುರ ಕಡಿ ಇನ್ನೊಂದು ತೊಡಕು, ಮಹಾರಾಷ್ಟ್ರದ ಟವರ್. ಫೋನ್ ಅದನ್ನ ಹಿಡದಾಗ 108, 112 ಕರೆ ಆ ರಾಜ್ಯದ ಕೇಂದ್ರಕ್ಕ ಹೋಗಬಹುದು, ಎತ್ತಿದವರು ಮರಾಠಿದಾಗ ಮಾತಾಡ್ಬಹುದು. ನೆಟ್‌ವರ್ಕ್ ಆಯ್ಕೆ ‘ಆಟೊಮ್ಯಾಟಿಕ್’ ಇರಲಿ, ಮ್ಯಾನ್ಯುವಲ್ ಇಟ್ರ ಆಪತ್ತಿನ್ಯಾಗ ಟವರೇ ಸಿಗದೆ ಹೋದೀತು. ಅವ್ವ-ಅಪ್ಪ ಮೊದಲು ಹೇಳಬೇಕಾದ್ದು ‘ಕರ್ನಾಟಕ, ಕಲಬುರಗಿ ಜಿಲ್ಲಾ, ಅಫಜಲಪುರ ತಾಲೂಕು’, ಆಮ್ಯಾಲ ಊರು, ಹೊಲದ ದಾರಿ. ಕೀಪ್ಯಾಡ್ ಫೋನಿನ್ಯಾಗ ಲೊಕೇಶನ್ ಕಳಸಲಾಕ ಬರಂಗಿಲ್ಲಲ್ಲ, ಬಾಯಿಲೆ ಹೇಳೋದೇ ದಾರಿ. ರಟ್ಟಿನ ಮ್ಯಾಲ ದಪ್ಪ ಅಕ್ಷರದಾಗ ಬರದು, ಮ್ಯಾಲ ಟೇಪ್ ಹಚ್ಚಿ ಗೂಡಿನ ಬಾಜೂಕ ಹೊಡೀರಿ. ‘ಡಾಂಬರ್ ರಸ್ತಾ ಬಿಟ್ಟು ಬೇವಿನ ಗಿಡದ ಹಂತೇಲಿ ಬಲಕ್ಕ, ಎರಡನೇ ಬಾವಿ’, ಇಷ್ಟು ಬಿಡಿಸಿ ಬರೀರಿ.

ಸಿಮ್_ಸಂತಿ

ಇನ್ನೊಂದು ಬಿಟ್ಟಿದ್ದೆ. ದೊಡ್ಡ ಮಳಿಗಿ ಕರೆಂಟ್ ಭಾಳ ಹೊತ್ತು ಹೋತಂದ್ರ ಟವರಿನ ಬ್ಯಾಟರಿನೂ ಇಳೀತದ. ಎರಡನೇ ಸಿಮ್ ಹಾಕೋದಾದ್ರ ಬ್ಯಾರೆ ಕಂಪನೀದೇ ಇರಲಿ, ಮತ್ತ ಅಮಾಸಿ ದಿನ ಅದರಿಂದನೂ ಒಂದು ಕರೆ ಹಚ್ಚಸ್ರಿ.